ಮಲ್ಲಿಗೆ, ಗುಲಾಬಿ, ಬೇವಿನ ಹೂ: ಚೈತ್ರದ ಹೂಗಳ ಬೆಣ್ಣೆ ಕುಕೀಸ್ ಮಾಡುವ ಬಗೆ

ಹೂವಿನ ಕುಕೀಸ್ ಮಾಡಲು ಹೋದವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಹೂವನ್ನು ಸಣ್ಣಗೆ ಕೊಚ್ಚಿ, ಹಿಟ್ಟಿಗೆ ಕಲಸಿ, ಓವನ್‌ನಲ್ಲಿ ಇಡುತ್ತಾರೆ. ಹತ್ತೇ ನಿಮಿಷಕ್ಕೆ ಅಡುಗೆಮನೆಯೆಲ್ಲ ಘಮಘಮ. ಖುಷಿಪಡಬೇಡಿ, ಅಡುಗೆಮನೆ ಘಮಿಸಿತು ಎಂದರೆ ಕುಕೀಯಲ್ಲಿ ಉಳಿಯಬೇಕಾದದ್ದು ಗಾಳಿಗೆ ಹೋಯಿತು ಎಂದೇ ಅರ್ಥ. ತಟ್ಟೆಗೆ ಬರುವುದು ಕಂದು ಚೂರುಗಳು, ಒಣಹುಲ್ಲಿನಂಥ ರುಚಿ.

ಹೂವಿನ ಪರಿಮಳ ಸುಲಭವಾಗಿ ಆವಿಯಾಗುವಂಥದ್ದು. ಅದು ನೀರಿಗಿಂತ ಜಿಡ್ಡಿಗೆ ಚೆನ್ನಾಗಿ ಹತ್ತುತ್ತದೆ, ಒಣ ಸಕ್ಕರೆಗೂ ಹತ್ತುತ್ತದೆ. ಬೆಣ್ಣೆಯಲ್ಲಿ ಸುಮಾರು ಆರನೇ ಒಂದು ಪಾಲು ನೀರಿರುತ್ತದೆ. ಓವನ್‌ನಲ್ಲಿ ಆ ನೀರು ಆವಿಯಾಗಿ ಹೊರಡುವಾಗ ಪರಿಮಳವನ್ನೂ ಹೊತ್ತೊಯ್ಯುತ್ತದೆ. ಇದನ್ನು ಪೂರ್ತಿ ತಡೆಯಲಾಗದು. ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ, ಬೇವಿನದೊಂದನ್ನು ಬಿಟ್ಟರೆ, ಹೂ ನೇರವಾಗಿ ಹಿಟ್ಟಿಗೆ ಬೀಳುವುದೇ ಇಲ್ಲ. ಹೂವಿನ ಪರಿಮಳವನ್ನು ಸಕ್ಕರೆಗೆ ಏರಿಸುತ್ತೇವೆ, ಓವನ್ ಶಾಖವನ್ನು ಕಡಿಮೆ ಇಡುತ್ತೇವೆ, ಆ ಸಕ್ಕರೆಯಲ್ಲಿ ಮೂರನೇ ಒಂದು ಪಾಲನ್ನು ಎತ್ತಿಟ್ಟು ಬೇಯಿಸಿದ ಮೇಲೆ ಹಚ್ಚುತ್ತೇವೆ. ಈ ಕೊನೆಯ ಹಂತ ಬಿಟ್ಟರೆ ಉಳಿದ ಶ್ರಮವೆಲ್ಲ ಅರ್ಧಂಬರ್ಧ.

ಯಾವ ಹೂ ಸರಿ, ಯಾವುದು ಬೇಡ

ಮಾರ್ಚ್‌ನಿಂದ ಮೇವರೆಗೆ ನಮ್ಮ ಕಡೆ ಸಿಗುವ ಹೂಗಳಲ್ಲಿ ಕುಕೀಸ್‌ಗೆ ನಿಜಕ್ಕೂ ಒಗ್ಗುವುದು ಮೂರು: ದುಂಡುಮಲ್ಲಿಗೆ, ನಾಟಿ ಗುಲಾಬಿ ಅಥವಾ ಪನ್ನೀರು ಗುಲಾಬಿ, ಬೇವಿನ ಹೂ. ಮೂರಕ್ಕೂ ಮೂರು ದಾರಿ. ಮಲ್ಲಿಗೆಯಲ್ಲಿ ಪರಿಮಳ ಮಾತ್ರ ಬೇಕು, ದಳ ಬೇಡ. ಗುಲಾಬಿಯಲ್ಲಿ ಒಣಗಿಸಿದ ದಳವೂ ಬೇಕು. ಬೇವಿನಲ್ಲಿ ಪರಿಮಳಕ್ಕಿಂತ ಕಹಿಯೇ ಮುಖ್ಯ.

ಮಲ್ಲಿಗೆಯಲ್ಲಿ ಉಡುಪಿಯದಾಗಲಿ, ಮೈಸೂರಿನದಾಗಲಿ, ಮನೆಯಂಗಳದ ಗಿಡದ್ದಾಗಲಿ, ಗಾಢ ಪರಿಮಳ ಇದ್ದರೆ ಆಯಿತು. ಕಾಕಡ ನೋಡಲು ಚೆಂದ, ಪರಿಮಳ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ತಂದು ಮೂರು ರಾತ್ರಿ ಕಾದು ಬೇಸರಪಡಬೇಡಿ. ಜಾಜಿ ಆದೀತು, ಆದರೆ ಬೇಗ ಬಾಡುತ್ತದೆ.

ಕಾಫಿ ಹೂವಿನ ವಿಷಯ ಕೇಳುವವರಿದ್ದಾರೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದಲ್ಲಿ ಹೂಮಳೆ ಬಿದ್ದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾದಾಗ ಆ ಘಮಕ್ಕೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಕಿತ್ತ ಪ್ರತಿ ಹೂವೂ ಒಂದು ಹಣ್ಣಿನ ಲೆಕ್ಕ. ಸ್ವಂತ ತೋಟವಿದ್ದರೆ ನಿಮ್ಮಿಷ್ಟ, ಬೇರೆಯವರ ತೋಟದಲ್ಲಿ ಕೈ ಹಾಕಬೇಡಿ.

ಈಗ ಬೇಡದ್ದು. ಕಣಗಿಲೆ ಬಿಳಿ, ಕೆಂಪು, ಹಳದಿ ಯಾವುದೇ ಇರಲಿ, ತೀವ್ರ ವಿಷ. ಉಮ್ಮತ್ತಿ, ಎಕ್ಕ, ನಿತ್ಯಪುಷ್ಪ, ಗೌರಿ ಹೂ ಇವೂ ತಿನ್ನುವಂಥವಲ್ಲ. ದೇವರ ತಲೆಗೆ ಏರುವ ಹೂವೆಲ್ಲ ಬಾಯಿಗೆ ಬರುವಂಥದ್ದಲ್ಲ. ನಂದಿಬಟ್ಟಲನ್ನು ಮೊಗ್ಗಿನಲ್ಲಿ ಮಲ್ಲಿಗೆ ಎಂದು ತಪ್ಪು ತಿಳಿಯುವುದುಂಟು. ತೊಟ್ಟು ಮುರಿದು ನೋಡಿ, ಹಾಲು ಒಸರಿದರೆ ಅದು ಮಲ್ಲಿಗೆಯಲ್ಲ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿರುವ ಕನ್ನಡಿಗರು ಇನ್ನೊಂದು ತಿಳಿದಿರಬೇಕು: ಅಲ್ಲಿ ವಸಂತದಲ್ಲಿ ಬೇಲಿಯ ಮೇಲೆ ಹಬ್ಬಿ ಅರಳುವ ಹಳದಿ ಕೆರೊಲಿನಾ ಜೆಸಮಿನ್‌ಗೆ ಹೆಸರು ಮಾತ್ರ ಮಲ್ಲಿಗೆಯದು. ಗಿಡವಿಡೀ ವಿಷ.

ಮಾರುಕಟ್ಟೆಯ ಹೂವಿಗೆ ಔಷಧಿ ಹೊಡೆದಿರುತ್ತಾರೆ, ಮಾಲೆ ಬಾಡದಿರಲಿ ಎಂದು ಯಾವುದೋ ನೀರನ್ನು ಮತ್ತೆ ಮತ್ತೆ ಚಿಮುಕಿಸಿರುತ್ತಾರೆ. ತೊಳೆದರೆ ಮೇಲಿನ ಧೂಳು ಹೋದೀತು, ಗಿಡ ಹೀರಿಕೊಂಡ ಕೀಟನಾಶಕ ಹೋಗುವುದಿಲ್ಲ. ಬೊಕ್ಕೆ ಅಂಗಡಿಯ ಉದ್ದ ಕಾಂಡದ ಗುಲಾಬಿಯಂತೂ ಬೇಡವೇ ಬೇಡ. ಅದನ್ನು ಬೆಳೆಸುವುದು ನೋಡಲು, ಪರಿಮಳವೂ ಇರುವುದಿಲ್ಲ. ಮನೆಯ ಗಿಡ, ಔಷಧಿ ಹೊಡೆಯದ ಪರಿಚಯದವರ ಗಿಡ, ಇವೆರಡೇ ದಾರಿ. ಕುಂಡದ ಗಿಡ ನರ್ಸರಿಯಿಂದ ಈಗಷ್ಟೇ ತಂದಿದ್ದರೆ ಆ ಋತುವಿನ ಹೂವನ್ನು ಬಿಟ್ಟುಬಿಡಿ.

ಸಕ್ಕರೆಗೆ ಮಲ್ಲಿಗೆ ಏರಿಸುವುದು: ಮೂರು ರಾತ್ರಿಯ ಕೆಲಸ

ಚೀನಾದಲ್ಲಿ ಮಲ್ಲಿಗೆ ಚಹಾ ಮಾಡುವ ಕ್ರಮವೇ ಇಲ್ಲಿಗೂ ಆಧಾರ. ಅಲ್ಲಿ ಮಧ್ಯಾಹ್ನ ಮೊಗ್ಗು ಬಿಡಿಸಿ, ರಾತ್ರಿ ಅದು ಅರಳುವ ಹೊತ್ತಿಗೆ ಚಹಾ ಎಲೆಯ ಜೊತೆ ಸೇರಿಸಿಟ್ಟು, ಬೆಳಗ್ಗೆ ಹೂ ತೆಗೆದು, ಮತ್ತೆ ಹೊಸ ಹೂ ಹಾಕುತ್ತಾರೆ. ದುಂಡುಮಲ್ಲಿಗೆ ಪರಿಮಳ ಬಿಡುವುದು ಅರಳುವಾಗ. ಹಾಗಾಗಿ ಬೆಳಗ್ಗೆ ಸಿಗುವ ಅರಳಿದ ಹೂ ನಮ್ಮ ಕೆಲಸಕ್ಕೆ ಬಾರದು. ಅದರದ್ದು ಆಗಲೇ ಮುಗಿದಿರುತ್ತದೆ.

ಬೇಕಾದದ್ದು: ಸಣ್ಣ ಹರಳಿನ ಸಕ್ಕರೆ 150 ಗ್ರಾಂ, ಒಂದೊಂದು ರಾತ್ರಿಗೆ ಸುಮಾರು 30 ಗ್ರಾಂ ಮೊಗ್ಗು (ಎರಡು ಹಿಡಿ), ಮುಚ್ಚಳವಿರುವ ಅಗಲ ಸ್ಟೀಲ್ ಅಥವಾ ಗಾಜಿನ ಡಬ್ಬಿ, ಒಗೆದು ಒಣಗಿಸಿದ ತೆಳು ಮಸ್ಲಿನ್ ಬಟ್ಟೆ. ಬಟ್ಟೆಗೆ ಸೋಪಿನ ವಾಸನೆ ಇರಬಾರದು, ಬರೀ ಬಿಸಿನೀರಿನಲ್ಲಿ ಕುದಿಸಿ ಒಣಗಿಸಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಂದೆ ಸಾಂಬಾರ್ ಪುಡಿ ಇಟ್ಟಿದ್ದರೆ ಸಕ್ಕರೆಗೆ ಮೊದಲು ಹತ್ತುವುದು ಅದು.

ಸಂಜೆ ನಾಲ್ಕರಿಂದ ಐದರೊಳಗೆ ಬಿಡಿಸಿ. ಮೊಗ್ಗು ಪೂರ್ತಿ ಬೆಳ್ಳಗಾಗಿ ದುಂಡಗೆ ಊದಿಕೊಂಡಿರಬೇಕು. ಹಸಿರು ಛಾಯೆ ಇರುವ ಎಳೆ ಮೊಗ್ಗು ಕಿತ್ತರೆ ಅದು ಡಬ್ಬಿಯಲ್ಲಿ ಅರಳದೆ ಮುದುರಿಕೊಳ್ಳುತ್ತದೆ. ತೊಳೆಯಬೇಡಿ. ಒಂದು ಬಿಳಿ ತಟ್ಟೆಯಲ್ಲಿ ಹತ್ತು ನಿಮಿಷ ಹರವಿಟ್ಟರೆ ಇರುವೆ, ಸಣ್ಣ ಹುಳು ಇದ್ದರೆ ಹೊರಬರುತ್ತವೆ. ಹಸಿರು ತೊಟ್ಟನ್ನು ಕಿತ್ತುಹಾಕಿ.

ಸಕ್ಕರೆಯನ್ನು ಡಬ್ಬಿಯ ತಳದಲ್ಲಿ ಒಂದು ಬೆರಳು ದಪ್ಪಕ್ಕಿಂತ ತೆಳುವಾಗಿ ಹರಡಿ, ಮೇಲೆ ಬಟ್ಟೆ ಹಾಸಿ, ಬಟ್ಟೆಯ ಮೇಲೆ ಮೊಗ್ಗುಗಳನ್ನು ಒಂದೇ ಪದರವಾಗಿ ಇಟ್ಟು ಮುಚ್ಚಿ. ಬಟ್ಟೆ ಏಕೆಂದರೆ, ಅರಳುವ ಹೂ ಬೆವರುತ್ತದೆ. ನೇರವಾಗಿ ಮುಟ್ಟಿದರೆ ಸಕ್ಕರೆ ಕರಗಿ ಗಂಟುಕಟ್ಟುತ್ತದೆ. ಫ್ರಿಜ್‌ನಲ್ಲಿ ಇಡಬೇಡಿ, ತಣ್ಣಗಿದ್ದರೆ ಮಲ್ಲಿಗೆ ಅರಳುವುದಿಲ್ಲ. ಅಡುಗೆಮನೆಯ ಒಲೆಯಿಂದ ದೂರ, ಕತ್ತಲೆ ಮೂಲೆ ಸಾಕು.

ಬೆಳಗ್ಗೆ ಏಳರೊಳಗೆ ಹೂ ತೆಗೆದುಬಿಡಿ. ಇದರಲ್ಲಿ ಸೋಮಾರಿತನ ಬೇಡ. ದಳದ ಅಂಚು ಕಂದಾಗತೊಡಗಿತೆಂದರೆ ಮಲ್ಲಿಗೆಯ ಇನ್ನೊಂದು ಮುಖ ಹೊರಬರುತ್ತದೆ: ಮುಡಿದು ಮಲಗಿ ಮರುದಿನ ತೆಗೆದ ಮಾಲೆಯ ಆ ಕಮಟು ವಾಸನೆ. ಸಕ್ಕರೆಗೆ ಅದು ಹತ್ತಿದರೆ ಬಿಡಿಸಲು ಬಾರದು. ಹೂ ತೆಗೆದ ಮೇಲೆ ಸಕ್ಕರೆಯನ್ನು ತಟ್ಟೆಯಲ್ಲಿ ಹರಡಿ ಮನೆಯೊಳಗೇ ಅರ್ಧ ಗಂಟೆ ಆರಲು ಬಿಡಿ, ಮುಟ್ಟಿದರೆ ಹರಳು ಬಿಡಿಬಿಡಿಯಾಗಿ ಜಾರಬೇಕು. ಬಿಸಿಲಿಗೂ ಇಡಬೇಡಿ, ಫ್ಯಾನ್ ಕೆಳಗೂ ಬೇಡ. ರಾತ್ರಿಯಿಡೀ ಸೇರಿಸಿದ್ದು ಹಾರಿಹೋಗುತ್ತದೆ. ಸಂಜೆ ಮತ್ತೆ ಹೊಸ ಮೊಗ್ಗು.

ಒಂದು ರಾತ್ರಿಗೆ ಸಕ್ಕರೆ ಮೂಗಿಗೆ ಘಮಿಸುತ್ತದೆ, ನಾಲಿಗೆಗೆ ಗೊತ್ತಾಗುವುದಿಲ್ಲ. ಮೂರನೇ ಬೆಳಗ್ಗೆ ಒಂದು ಚಿಟಿಕೆ ಬಾಯಿಗೆ ಹಾಕಿ ತುಟಿ ಮುಚ್ಚಿ ಮೂಗಿನಲ್ಲಿ ಉಸಿರು ಬಿಡಿ. ಆ ಉಸಿರಿನಲ್ಲಿ ಮಲ್ಲಿಗೆ ಬಂದರೆ ಸಿದ್ಧ. ಬಾರದಿದ್ದರೆ ಇನ್ನೊಂದು ರಾತ್ರಿ. ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಎರಡು ತಿಂಗಳು ಇರುತ್ತದೆ. ಪುಡಿ ಮಾಡುವುದು ಕುಕೀಸ್ ಮಾಡುವ ದಿನವೇ. ಮಿಕ್ಸಿಯನ್ನು ಒಂದೇ ಸಮನೆ ಓಡಿಸದೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಜಾರ್ ಬಿಸಿಯಾಗಬಾರದು.

ಅಂಗಡಿಯ ಜಾಸ್ಮಿನ್ ಎಸೆನ್ಸ್ ಹಾಕಿದರೆ ಮೂರು ರಾತ್ರಿಯ ಶ್ರಮ ಉಳಿಯುತ್ತದೆ, ನಿಜ. ಆದರೆ ಕುಕೀಸ್ ಊದುಬತ್ತಿಯ ಹಾಗೆ ಕಮ್ಮೆನ್ನುತ್ತದೆ. ಅತ್ತರು ಮತ್ತು ಮೈಗೆ ಹಚ್ಚುವ ಸುಗಂಧ ತೈಲ ತಿನ್ನಲು ಮಾಡಿದ್ದಲ್ಲ.

ಗುಲಾಬಿಯಾದರೆ

ಗುಲಾಬಿ ಇಷ್ಟು ಸತಾಯಿಸುವುದಿಲ್ಲ. ಬೆಳಗ್ಗೆ ಇಬ್ಬನಿ ಆರಿದ ಕೂಡಲೇ, ಬಿಸಿಲು ಏರುವ ಮುಂಚೆ ಕೊಯ್ಯಿರಿ. ಪ್ರತಿ ದಳದ ಬುಡದಲ್ಲಿ ಬಿಳಿ ಚುಕ್ಕೆಯಂಥ ಭಾಗವಿರುತ್ತದೆ, ಅದು ಕಹಿ. ದಳಗಳನ್ನು ಒಟ್ಟಿಗೆ ಹಿಡಿದು ಕತ್ತರಿಯಲ್ಲಿ ಬುಡ ಕತ್ತರಿಸಿದರೆ ಒಂದೇ ಸಲಕ್ಕೆ ಮುಗಿಯುತ್ತದೆ. 50 ಗ್ರಾಂ ಹಸಿ ದಳವನ್ನು ನೆರಳಲ್ಲಿ ಎರಡು ಮೂರು ದಿನ ಒಣಗಿಸಿದರೆ 8ರಿಂದ 10 ಗ್ರಾಂ ಉಳಿಯುತ್ತದೆ. ಹಪ್ಪಳದ ಹಾಗೆ ಚುರುಕ್ಕೆಂದು ಮುರಿಯಬೇಕು. ಬಾಗಿದರೆ ಇನ್ನೂ ನೀರಿದೆ, ಮಿಕ್ಸಿಯಲ್ಲಿ ಮುದ್ದೆಯಾಗುತ್ತದೆ.

150 ಗ್ರಾಂ ಸಕ್ಕರೆಗೆ 8 ಗ್ರಾಂ ಒಣದಳ ಹಾಕಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಇಲ್ಲಿ ಪರಿಮಳ ಮಾತ್ರವಲ್ಲ, ಗುಲಾಬಿಯ ಸಣ್ಣ ಒಗರೂ ಬರುತ್ತದೆ, ಬೆಣ್ಣೆಯ ಜಿಡ್ಡಿಗೆ ಅದು ಒಳ್ಳೆಯ ಜೋಡಿ.

ಅಡುಗೆ ಸೋಡಾ ಹಾಕಲೇಬೇಡಿ. ಗುಲಾಬಿಯ ಬಣ್ಣ ಹುಳಿಗೆ ಕೆಂಪೇರುತ್ತದೆ, ಕ್ಷಾರಕ್ಕೆ ನೀಲಿ, ಬೂದಿಯತ್ತ ತಿರುಗುತ್ತದೆ. ಸೋಡಾ ಬಿದ್ದ ಗುಲಾಬಿ ಕುಕೀಸ್ ಹಳೆಯ ಸಿಮೆಂಟಿನ ಬಣ್ಣಕ್ಕೆ ಬಂದರೆ ಓವನ್‌ನ ತಪ್ಪಲ್ಲ. ಅರ್ಧ ಚಹಾ ಚಮಚ ನಿಂಬೆರಸ ಹಿಟ್ಟಿಗೆ ಸೇರಿಸಿದರೆ ನಸುಗೆಂಪು ಅಷ್ಟಿಷ್ಟು ಉಳಿಯುತ್ತದೆ. ಪನ್ನೀರನ್ನು ಹಿಟ್ಟಿಗೆ ಸುರಿಯುವ ಆಸೆಯೂ ಬೇಡ: ನೀರು ಸೇರಿದ ಮೈದಾ ಜಿಗುಟಾಗಿ, ಕುಕೀಸ್ ಗರಿಗರಿಯಾಗುವ ಬದಲು ಗಟ್ಟಿಯಾಗುತ್ತದೆ.

ಹಿಟ್ಟು

ಅಳತೆ ಸರಳ: ಸಕ್ಕರೆ ಒಂದು, ಬೆಣ್ಣೆ ಎರಡು, ಹಿಟ್ಟು ಮೂರು. ಸ್ಕಾಟ್ಲೆಂಡಿನ ಬೆಣ್ಣೆ ಬಿಸ್ಕತ್ತಾದ ಶಾರ್ಟ್‌ಬ್ರೆಡ್‌ನ ಹಳೆಯ ಲೆಕ್ಕ ಇದು. ಮೊಟ್ಟೆ ಇಲ್ಲ, ಬೇಕಿಂಗ್ ಪೌಡರ್ ಇಲ್ಲ. ಹೂವಿನ ಮೆಲುದನಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ.

- ಹೂವಿನ ಸಕ್ಕರೆ ಪುಡಿ 100 ಗ್ರಾಂ (ಉಳಿದ 50 ಗ್ರಾಂ ಕೊನೆಗೆ)
- ಉಪ್ಪಿಲ್ಲದ ಬೆಣ್ಣೆ 200 ಗ್ರಾಂ
- ಮೈದಾ 270 ಗ್ರಾಂ
- ಅಕ್ಕಿ ಹಿಟ್ಟು 30 ಗ್ರಾಂ
- ಪುಡಿ ಉಪ್ಪು ಕಾಲು ಚಹಾ ಚಮಚ

ಕಪ್ ಲೆಕ್ಕ ಬೇಡ, ತಕ್ಕಡಿ ಇಡಿ. ಒಬ್ಬರು ಒತ್ತಿ ತುಂಬಿದ ಕಪ್ಪಿಗೂ ಇನ್ನೊಬ್ಬರು ಉದುರಿಸಿ ತುಂಬಿದ ಕಪ್ಪಿಗೂ 30 ಗ್ರಾಂ ವ್ಯತ್ಯಾಸ ಸಲೀಸಾಗಿ ಬರುತ್ತದೆ. ಅಕ್ಕಿ ಹಿಟ್ಟು ಗರಿಗರಿಗೆ. ಏಲಕ್ಕಿ, ವೆನಿಲಾ ಎರಡೂ ಡಬ್ಬಿಯಲ್ಲೇ ಇರಲಿ. ಏಲಕ್ಕಿ ಬಂದ ಕಡೆ ಮಲ್ಲಿಗೆಗೆ ಮಾತಿಲ್ಲ.

ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರು ಹೆಚ್ಚು, ಜೊತೆಗೆ ಮಜ್ಜಿಗೆಯ ಹುಳಿ. ಬಳಸುವುದಾದರೆ ತಣ್ಣೀರಿನಲ್ಲಿ ಎರಡು ಸಲ ತೊಳೆದು ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ತುಪ್ಪವಾದರೆ 160 ಗ್ರಾಂ ಸಾಕು, ಆದರೆ ಅದು ನಾನ್‌ಖಟಾಯಿಯತ್ತ ಹೋಗುತ್ತದೆ. ಗುಲಾಬಿಗೆ ತುಪ್ಪ ಒಗ್ಗುತ್ತದೆ, ಮಲ್ಲಿಗೆಯನ್ನು ನುಂಗಿಬಿಡುತ್ತದೆ.

ಬೆಣ್ಣೆಯ ಹದವೇ ಅರ್ಧ ಕೆಲಸ. ಹೆಬ್ಬೆರಳು ಒತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಎಣ್ಣೆ ಮಿನುಗಬಾರದು. ಏಪ್ರಿಲ್ ಸೆಕೆಯಲ್ಲಿ ಫ್ರಿಜ್‌ನಿಂದ ತೆಗೆದ ಹತ್ತು ಹದಿನೈದು ನಿಮಿಷಕ್ಕೇ ಈ ಹದ ಬಂದು, ಇನ್ನು ಹತ್ತು ನಿಮಿಷಕ್ಕೆ ದಾಟಿಹೋಗುತ್ತದೆ. ಕರಾವಳಿಯವರು ಬೆಳಗ್ಗೆ ಆರಕ್ಕೇ ಕೂರುವುದು ಒಳ್ಳೆಯದು.

ಬೆಣ್ಣೆ, ಸಕ್ಕರೆ, ಉಪ್ಪನ್ನು ಮರದ ಸೌಟಿನಲ್ಲಿ ಎರಡು ನಿಮಿಷ ತಿಕ್ಕಿ, ಒಂದಾದರೆ ಸಾಕು. ಕೇಕಿಗೆ ಮಾಡುವಂತೆ ನೊರೆನೊರೆಯಾಗಿ ಬೀಟ್ ಮಾಡಿದರೆ ಗಾಳಿ ಸೇರಿ ಕುಕೀಸ್ ಹರಡಿ ಆಕಾರ ಕೆಡುತ್ತದೆ. ಎರಡೂ ಹಿಟ್ಟನ್ನು ಜರಡಿ ಹಿಡಿದು ಸೇರಿಸಿ ಬೆರಳ ತುದಿಯಲ್ಲಿ ಉದುರಿಸುತ್ತಾ ಬನ್ನಿ. ಮೊದಲು ಒದ್ದೆ ಮರಳಿನಂತೆ ಕಾಣುತ್ತದೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಚಪಾತಿಯ ಅಭ್ಯಾಸದ ಕೈ ಇಲ್ಲಿ ನಾದಲು ಹವಣಿಸುತ್ತದೆ, ತಡೆಯಬೇಕು. ಉದುರುತ್ತಲೇ ಇದ್ದರೆ ಒಂದು ಚಹಾ ಚಮಚ ತಣ್ಣನೆ ಹಾಲು. ಕೈಗೆ ಜಿಡ್ಡು ಅಂಟುತ್ತಿದ್ದರೆ ಮೈದಾ ಸೇರಿಸಬೇಡಿ, 20 ನಿಮಿಷ ಫ್ರಿಜ್‌ನಲ್ಲಿಡಿ.

ಎರಡು ಬಟರ್ ಪೇಪರ್ ನಡುವೆ ಹಿಟ್ಟನ್ನಿಟ್ಟು, ಎರಡೂ ಬದಿಗೆ ಒಂದೊಂದು ಪೆನ್ಸಿಲ್ ಮಲಗಿಸಿ, ಲಟ್ಟಣಿಗೆ ಪೆನ್ಸಿಲ್‌ಗಳ ಮೇಲೇ ಉರುಳುವಂತೆ ಲಟ್ಟಿಸಿ. ಸುಮಾರು 7 ಮಿಲಿಮೀಟರ್ ದಪ್ಪ ಎಲ್ಲೆಡೆ ಒಂದೇ ಸಮ ಬರುತ್ತದೆ. ಪೇಪರ್ ಸಮೇತ ಒಂದು ಗಂಟೆ ಫ್ರಿಜ್‌ನಲ್ಲಿಟ್ಟು ಆಮೇಲೆ 5 ಸೆಂಟಿಮೀಟರ್ ಅಗಲದ ಡಬ್ಬಿ ಮುಚ್ಚಳದಲ್ಲಿ ಕತ್ತರಿಸಿ. 36ರ ಸುಮಾರು ಆಗುತ್ತವೆ. ಫೋರ್ಕ್‌ನಲ್ಲಿ ಮೂರು ಕಡೆ ಚುಚ್ಚಿ, ಇಲ್ಲದಿದ್ದರೆ ಆವಿ ನಡುವೆ ಗುಳ್ಳೆ ಎಬ್ಬಿಸುತ್ತದೆ.

ಓವನ್

150 ಡಿಗ್ರಿ ಸೆಲ್ಸಿಯಸ್, 20ರಿಂದ 24 ನಿಮಿಷ. ಓಟಿಜಿಯಾದರೆ (ಮನೆಬಳಕೆಯ ಸಣ್ಣ ವಿದ್ಯುತ್ ಓವನ್) ಮೇಲಿನ, ಕೆಳಗಿನ ಎರಡೂ ಕಾಯಿಲ್ ಹಾಕಿ 15 ನಿಮಿಷ ಮೊದಲೇ ಕಾಯಿಸಿ, ಟ್ರೇ ನಡುವಿನ ಅಂತಸ್ತಿನಲ್ಲಿ. ಮೈಕ್ರೋವೇವ್‌ನ ಕನ್ವೆಕ್ಷನ್ ಆದರೆ 140 ಸಾಕು, ಫ್ಯಾನ್ ಇರುವುದರಿಂದ ಶಾಖ ಚುರುಕು. ಓಟಿಜಿಯ ಗುಂಡಿ ತೋರಿಸುವ ಶಾಖಕ್ಕೂ ಒಳಗಿನ ಶಾಖಕ್ಕೂ ಹತ್ತಿಪ್ಪತ್ತು ಡಿಗ್ರಿ ಹೆಚ್ಚುಕಡಿಮೆ ಇರುವುದು ಸಾಮಾನ್ಯ. ಒಳಗಿಡುವ ಸಣ್ಣ ಓವನ್ ಥರ್ಮಾಮೀಟರ್ ಒಂದು ಕೊಂಡರೆ ಊಹೆಯ ಕಾಟ ತಪ್ಪುತ್ತದೆ.

ಬಾಣಲೆಯಲ್ಲೂ ಆಗುತ್ತದೆ: ದಪ್ಪ ಬಾಣಲೆಯ ತಳಕ್ಕೆ ಎರಡು ಬೆರಳು ದಪ್ಪ ಕಲ್ಲುಪ್ಪು, ಮೇಲೆ ಸ್ಟ್ಯಾಂಡ್, ಮುಚ್ಚಿ ಹತ್ತು ನಿಮಿಷ ಮಧ್ಯಮ ಉರಿ, ಆಮೇಲೆ ತಟ್ಟೆ ಇಟ್ಟು ಸಣ್ಣ ಉರಿ. ತಳ ಬೇಗ ಕೆಂಪಾಗುತ್ತದೆ, ಆದ್ದರಿಂದ ಒಂದರ ಮೇಲೊಂದು ಎರಡು ತಟ್ಟೆ ಇಡಿ.

ಮೇಲ್ಮೈ ಬಿಳಿಚಿಕೊಂಡೇ ಇರಬೇಕು. ಒಂದನ್ನು ಚಾಕುವಿನ ತುದಿಯಲ್ಲಿ ಎತ್ತಿ ನೋಡಿ: ಅಡಿಯ ಅಂಚು ತಿಳಿ ಹೊಂಬಣ್ಣ ಬಂದಿದ್ದರೆ ಮುಗಿಯಿತು. ಅಯ್ಯಂಗಾರ್ ಬೇಕರಿಯ ಬೆಣ್ಣೆ ಬಿಸ್ಕತ್ತಿನ ಕೆಂಬಣ್ಣಕ್ಕೆ ಕಾಯುತ್ತಾ ಕೂತರೆ ಹುರಿದ ಬೆಣ್ಣೆಯ ಘಮ ಮಲ್ಲಿಗೆಯನ್ನು ಮುಚ್ಚಿಹಾಕುತ್ತದೆ. ಹೊರತೆಗೆದಾಗ ಮೆತ್ತಗಿರುತ್ತವೆ, ಬೆಂದಿಲ್ಲವೆಂದು ಮತ್ತೆ ಒಳಗಿಡಬೇಡಿ, ಆರುತ್ತಾ ಗಟ್ಟಿಯಾಗುತ್ತವೆ.

ಹತ್ತು ನಿಮಿಷ ಟ್ರೇಯಲ್ಲೇ ಬಿಡಿ. ಕೈಯಲ್ಲಿ ಹಿಡಿಯುವಷ್ಟು ಬೆಚ್ಚಗಿರುವಾಗ ಎತ್ತಿಟ್ಟ 50 ಗ್ರಾಂ ಸಕ್ಕರೆ ಪುಡಿಯಲ್ಲಿ ಎರಡೂ ಬದಿ ಮೆಲ್ಲಗೆ ಒತ್ತಿ. ತೀರ ಬಿಸಿಯಲ್ಲಿ ಹಚ್ಚಿದರೆ ಪುಡಿ ಒದ್ದೆಯಾಗಿ ಅಂಟಾಗುತ್ತದೆ, ಪೂರ್ತಿ ಆರಿದ ಮೇಲೆ ಹಚ್ಚಿದರೆ ನಿಲ್ಲುವುದಿಲ್ಲ. ಪೂರ್ತಿ ಆರಿದ ನಂತರ ಗಾಳಿಯಾಡದ ಡಬ್ಬಿಗೆ. ಅಂದೇ ತಿಂದವರು ಬರೀ ಬೆಣ್ಣೆ ಬಿಸ್ಕತ್ತು ಎನ್ನುತ್ತಾರೆ. ಒಂದು ರಾತ್ರಿ ಕಳೆದು ಡಬ್ಬಿ ತೆರೆದಾಗ ಮಲ್ಲಿಗೆ ಎದ್ದು ಬರುತ್ತದೆ. ಹತ್ತು ದಿನ ಚೆನ್ನಾಗಿರುತ್ತವೆ.

ಮೇಲೆ ದಳ ಅಂಟಿಸಿ ಅಲಂಕರಿಸುವವರು ಮಲ್ಲಿಗೆಯನ್ನು ಮರೆತುಬಿಡಿ, ಅದು ಕಂದಾಗದೆ ಇರುವುದಿಲ್ಲ. ಪುಸ್ತಕದ ನಡುವೆ ಒತ್ತಿ ಒಣಗಿಸಿದ ಗುಲಾಬಿ ದಳ ಸರಿ. ಅದನ್ನೂ ಓವನ್‌ನಲ್ಲಿಡದೆ, ಎರಡು ಚಹಾ ಚಮಚ ಸಕ್ಕರೆ ಪುಡಿಗೆ ಕೆಲವು ಹನಿ ಪನ್ನೀರು ಕಲಸಿ, ಆರಿದ ಕುಕೀಗೆ ಆ ಅಂಟಿನಿಂದ ಹಚ್ಚಿ. ಪನ್ನೀರಿಗೆ ಜಾಗ ಇದೊಂದೇ.

ಬೇವಿನ ಹೂವಿನದು ಬೇರೆಯೇ ಲೆಕ್ಕ

ಯುಗಾದಿಯ ಬೇವುಬೆಲ್ಲಕ್ಕೆ ತಂದದ್ದರಲ್ಲಿ ಉಳಿದ ಹೂವಿಗೆ ಇದು ಒಳ್ಳೆಯ ಗತಿ. ಹೂ ಸಂಗ್ರಹಿಸಲು ಬೆಳಗ್ಗೆ ಮರದ ಕೆಳಗೆ ಒಗೆದ ಪಂಚೆ ಹಾಸಿ ಕೊಂಬೆ ಅಲ್ಲಾಡಿಸಿದರೆ ಸಾಕು. ಕಡ್ಡಿ, ಎಲೆ ಆರಿಸಿ, ನೆರಳಲ್ಲಿ ಮೂರು ನಾಲ್ಕು ದಿನ ಒಣಗಿಸಿ. ಎರಡು ಚಹಾ ಚಮಚ ಒಣ ಹೂವನ್ನು ಒಂದು ಚಮಚ ತುಪ್ಪದಲ್ಲಿ, ಸಾರಿನ ಒಗ್ಗರಣೆಗೆ ಹುರಿಯುವಂತೆ, ಕಾಫಿಪುಡಿಯ ಬಣ್ಣ ಬರುವವರೆಗೆ ಸಣ್ಣ ಉರಿಯಲ್ಲಿ ಹುರಿಯಿರಿ. ಕಪ್ಪಾದರೆ ಸುಟ್ಟ ಕಹಿ, ಎಸೆಯಬೇಕು.

ಮೇಲಿನ ಅಳತೆಯಲ್ಲಿ ಸಕ್ಕರೆಗೆ ಬದಲು 110 ಗ್ರಾಂ ಒಣ ಬೆಲ್ಲದ ಪುಡಿ, 300 ಗ್ರಾಂ ಹಿಟ್ಟಿನಲ್ಲಿ 100 ಗ್ರಾಂ ಗೋಧಿ ಹಿಟ್ಟು, ಬೆಣ್ಣೆ 190 ಗ್ರಾಂ, ಎರಡು ದೊಡ್ಡ ಚಮಚ ಹುರಿದ ಎಳ್ಳು. ಹುರಿದ ಬೇವನ್ನು ಹಿಟ್ಟಿಗೇ ಕಲಸಿ. ಇಲ್ಲಿ ಹಾರಿಹೋಗುವ ಪರಿಮಳವಿಲ್ಲ, ಕಹಿ ಎಲ್ಲಿಗೂ ಹೋಗುವುದಿಲ್ಲ. ಬೆಲ್ಲ ಬೇಗ ಕೆಂಪೇರುವುದರಿಂದ 145 ಡಿಗ್ರಿಯಲ್ಲಿ ಇಟ್ಟು 18ನೇ ನಿಮಿಷದಿಂದ ಕಣ್ಣಿಡಿ. ತಿನ್ನುವಾಗ ಮೊದಲು ಬೆಲ್ಲ, ನಡುವೆ ಎಳ್ಳು, ನುಂಗಿದ ಮೇಲೆ ಕಹಿ ಬರಬೇಕು. ಮೊದಲ ಕಡಿತಕ್ಕೇ ಕಹಿ ಬಂದರೆ ಹೂ ಹೆಚ್ಚಾಗಿದೆ. ಗರ್ಭಿಣಿಯರಿಗೆ ಬೇವಿನದು ಬೇಡ.

ಕೆಟ್ಟಾಗ ಎಲ್ಲಿ ನೋಡಬೇಕು

ಕುಕೀಸ್ ಹರಡಿ ಒಂದಕ್ಕೊಂದು ಅಂಟಿದ್ದರೆ ಬೆಣ್ಣೆ ಮೆತ್ತಗಾಗಿತ್ತು ಅಥವಾ ಓವನ್ ಕಾದಿರಲಿಲ್ಲ. ಕತ್ತರಿಸಿದ ಬಿಲ್ಲೆಗಳನ್ನು ಟ್ರೇ ಸಮೇತ ಹತ್ತು ನಿಮಿಷ ಫ್ರೀಜರ್‌ನಲ್ಲಿಟ್ಟು ನೇರವಾಗಿ ಓವನ್‌ಗೆ ಹಾಕಿದರೆ ಎರಡನೇ ಟ್ರೇ ಸರಿಯಾಗುತ್ತದೆ. ಕಚ್ಚಿದರೆ ಹಲ್ಲಿಗೆ ಗಟ್ಟಿ ಎನಿಸಿದರೆ ನಾದಿದ್ದೀರಿ. ಬಾಯಲ್ಲಿ ಸೋಪಿನ ನೆನಪಾದರೆ ಹೂ ಅತಿಯಾಗಿದೆ. ಮುಂದಿನ ಸಲ ಹೂವಿನ ಸಕ್ಕರೆಗೆ ಅರ್ಧ ಸಾದಾ ಸಕ್ಕರೆ ಬೆರೆಸಿ. ಏನೂ ಪರಿಮಳವಿಲ್ಲದಿದ್ದರೆ, ಹೆಚ್ಚಿನ ಸಲ, ಮೊಗ್ಗು ತಂದದ್ದು ಬೆಳಗ್ಗೆ.

ಮಳೆ ಬಂದ ದಿನ ಕುಕೀಸ್ ಮೆತ್ತಗಾದರೆ 120 ಡಿಗ್ರಿಯಲ್ಲಿ ಎಂಟು ನಿಮಿಷ ಇಟ್ಟರೆ ಗರಿಗರಿ ಮರಳುತ್ತದೆ, ಘಮ ಸ್ವಲ್ಪ ಕಳೆಯುತ್ತದೆ. ಆರುವ ಮುನ್ನ ಮತ್ತೊಮ್ಮೆ ಹೂವಿನ ಸಕ್ಕರೆ ಹಚ್ಚಬಹುದು, ಉಳಿದಿದ್ದರೆ.

ಮಲ್ಲಿಗೆ ಸಿಗದ ಚಳಿನಾಡಿನಲ್ಲಿರುವವರು ಏಪ್ರಿಲ್, ಮೇ ತಿಂಗಳಲ್ಲಿ ಅರಳುವ ಲೈಲಾಕ್‌ನಲ್ಲಿ ಇದೇ ಬಟ್ಟೆ, ಸಕ್ಕರೆಯ ಕ್ರಮ ಬಳಸಬಹುದು. ಅದರ ಹಸಿರು ತೊಟ್ಟು ಕಹಿ, ಬಿಡಿ ಹೂವನ್ನಷ್ಟೇ ಕಿತ್ತುಕೊಳ್ಳಿ. ಅದು ರಾತ್ರಿಗೆ ಕಾಯುವ ಹೂವಲ್ಲ, ಅರಳಿದ್ದನ್ನೇ ಬೆಳಗ್ಗೆ ಬಿಡಿಸಿ ಹಾಕಿ, ಸಂಜೆಗೆ ತೆಗೆಯಿರಿ. ಅದೇ ತೋಟದಲ್ಲಿ ಪಕ್ಕದಲ್ಲೇ ನಿಂತಿರುವ ಡ್ಯಾಫೋಡಿಲ್ ಮತ್ತು ಲಿಲಿ ಆಫ್ ದ ವ್ಯಾಲಿ ಎರಡೂ ವಿಷ, ಬುಟ್ಟಿಗೂ ಬೀಳದಿರಲಿ.